ಬಾರ್ಸಬ, ಅಥವಾ ತನಿಯ

೧೮ ನವೆಂಬರ್ ೧೯೬೧, ಶನಿವಾರ

ಬಸ್ಸು ಇವತ್ತೂ ಸಿದ್ದಕಟ್ಟೆಯಲ್ಲಿ ನಿಂತಿತು. ರೇಡಿಯೇಟರಿಗೆ ನೀರು ಬೇಕಂತೆ. ಕಂಡಕ್ಟರ್ ಕೊಡಪಾನ ಹಿಡಿದು ಇಳಿಯುವಾಗ ನನ್ನ ಕಡೆ ತಿರುಗಿ, “ಗುಂಡುಸೂಜಿ ಮಾಸ್ಟ್ರೇ, ಇದನ್ನು ಪೇಪರಿಗೆ ಹಾಕ್ಬೇಡಿ ಆಯ್ತಾ” ಎಂದ. ಇಡೀ ಬಸ್ಸು ನಕ್ಕಿತು. ಹಾಕಿ ಆಗಿದೆ ಮಾರಾಯ, ಹಿಂದಿನ ವರ್ಷವೇ... ಬಾಯಿಬಿಟ್ಟು ಹೇಳಲಿಲ್ಲ. ನಾನೂ ಹಲ್ಲು ತೋರಿಸಿದೆ. ವಾರಕ್ಕೊಮ್ಮೆ ಜನರನ್ನು ನಗಿಸುವವನು ಉಳಿದ ದಿನಗಳಲ್ಲಿ ಅವರ ನಗೆಗೆ ಜಾಮೀನು ನಿಲ್ಲಬೇಕು.

ಮಿಕ್ಕದ್ದೆಲ್ಲ ಎಂದಿನಂತೆ. ಮೂಡಬಿದ್ರಿಯಲ್ಲಿ ಅರ್ಧ ದಿನ ಶಾಲೆ. ಒಂಬತ್ತನೆಯ ಕ್ಲಾಸಿಗೆ ಷಟ್ಪದಿ, ಯಾರ ಕಿವಿಗೂ ತಾಗದ ಹಾಗೆ. ಆಮೇಲೆ ಬಸ್ಸು. ಬಂಟ್ವಾಳದಲ್ಲಿ ಸರಸಕ್ಕನ ಮನೆಯಲ್ಲಿ ಊಟ. ಊಟದ ಜೊತೆಗೆ ಅಕ್ಕನ ಉಪದೇಶ: “ತಮ್ಮ, ನೀನು ಹೀಗೆ ಸೊರಗಿದ್ದು ಯಾಕೆ? ಆ ಬರೆಯುವುದೊಂದನ್ನು ಬಿಡು.” ಮೂರು ಗಂಟೆಗೆ ಜತ್ತನ್ನ ಅಯ್ಯನವರ ಬಂಗಲೆ. ಬಂಗಲೆ ಎನ್ನುವುದು ಗೌರವಕ್ಕೆ. ಇರುವುದು ಎರಡು ಕೋಣೆ, ಒಂದು ಜಗಲಿ, ಜಗಲಿಯಲ್ಲಿ ಒಂದು ಕಾಲು ಕುಂಟುವ ಮೇಜು.

ಅಯ್ಯನವರು ಇಲ್ಲಿನ ಸಣ್ಣ ಕ್ರೈಸ್ತ ಸಭೆಯ ಪಾದ್ರಿ. ಹೀಬ್ರು, ಗ್ರೀಕ್ ಎರಡನ್ನೂ ಕಲಿತವರು. ಗ್ರೀಕ್ ವೇದದಲ್ಲಿ, ಎಂದರೆ ಬೈಬಲಿನ ಹೊಸ ಒಡಂಬಡಿಕೆಯಲ್ಲಿ, ಬರುವ ಹೀಬ್ರು ಹೆಸರುಗಳು ಎಲ್ಲಿಂದ ಬಂದವು, ಅರ್ಥವೇನು ಎಂದು ಕನ್ನಡದಲ್ಲಿ ಒಂದು ಪುಟ್ಟ ಪುಸ್ತಕ ಮಾಡಬೇಕೆಂದು ಅವರ ಆಸೆ. ಹೀಬ್ರು ಅವರದು, ಕನ್ನಡ ತಿದ್ದುವುದು ನನ್ನದು. ಬಂಟರ ಮನೆಯ ಕನ್ನಡ ಪಂಡಿತ, ಪಾದ್ರಿಯ ಪುಸ್ತಕ... ಅಕ್ಕನ ನೆರೆಕರೆಯವರಿಗೆ ವೀಳ್ಯದ ಜೊತೆ ಜಗಿಯಲಿಕ್ಕೆ ಆಯಿತು.

ಇವತ್ತು ‘ಅ’ ಮುಗಿಯಿತು. ಅನ್ನ ಎಂಬ ಮುದುಕಿಯ ಹೆಸರಿಗೆ ಕೃಪೆ ಎಂದು ಅರ್ಥವಂತೆ. ನಮ್ಮಲ್ಲಿ ಅನ್ನ ಎಂದರೆ ಅನ್ನ. ಎರಡೂ ಸುಲಭಕ್ಕೆ ಸಿಗುವಂಥವಲ್ಲ.

ಹೊರಡುವಾಗ ಅಂಗಳದಲ್ಲಿ ತನಿಯ ಇದ್ದ. ಹೆಂಚಿನ ಕಾರ್ಖಾನೆಯಲ್ಲಿ ಭಟ್ಟಿಗೆ ಬೆಂಕಿ ಹಾಕುವವ. ಬಿಡುವಾದಾಗ ಬಂದು ಅಯ್ಯನವರ ಬಸಳೆಗೆ ಚಪ್ಪರ ಕಟ್ಟಿಕೊಡುತ್ತಾನೆ. ಅಯ್ಯನವರು ದನಿ ಇಳಿಸಿ ಹೇಳಿದರು: ತನಿಯ ಸಭೆಗೆ ಸೇರುತ್ತೇನೆಂದು ತಾನಾಗಿಯೇ ಕೇಳಿದ್ದಾನೆ. ಎಲ್ಲ ಸರಿ. ಆದರೆ ದೀಕ್ಷಾಸ್ನಾನದ ದಿನ ಹಳೆಯ ಹೆಸರು ಬಿಟ್ಟು ವೇದದ ಹೆಸರು ಇಟ್ಟುಕೊಳ್ಳುವುದು ಇಲ್ಲಿನ ವಾಡಿಕೆ. ಅದಕ್ಕೆ ಒಪ್ಪುವುದಿಲ್ಲ.

“ಯಾಕೆ ಒಪ್ಪುವುದಿಲ್ಲ?”

“ನೀವೇ ಕೇಳಿ ಶೆಟ್ರೇ. ನಾನು ಕೇಳಿ ಸುಸ್ತಾದೆ.”

ಸುಸ್ತು ನನಗೂ ಉಂಟು. ಕೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

೨೨ ನವೆಂಬರ್, ಬುಧವಾರ

‘ಗುಂಡುಸೂಜಿ’ ಅಂಕಣದ ದಿನ. ಇವತ್ತಿನ ಟಪ್ಪಾಲಿಗೆ ಮಂಗಳೂರಿಗೆ ಹೋಗಲೇಬೇಕು. ವಿಷಯ: ಕೊಡೆ ಕೊಂಡುಹೋಗಿ ಹಿಂದೆ ಕೊಡದವರು. ಬರೆಯುವಾಗ ಒಂದು ಸಾಲಿಗೂ ನನಗೆ ನಗು ಬರಲಿಲ್ಲ. ಜಲಜಾಕ್ಷಿಗೆ ಓದಿ ಹೇಳಿದೆ. ಅಡಿಗೆ ಕೋಣೆಯಿಂದಲೇ, “ಲಾಯ್ಕುಂಟು. ಬರುವಾಗ ಉಪ್ಪು ತನ್ನಿ” ಎಂದಳು. ಧರ್ಮಪತ್ನಿಯ ವಿಮರ್ಶೆಯಲ್ಲಿ ಅನಾವಶ್ಯಕ ಪದಗಳಿರುವುದಿಲ್ಲ.

ಪೋಸ್ಟಾಫೀಸಿನಲ್ಲಿ ರಮಾನಾಥ ಪೈಗಳು ರಶೀದಿ ಬರೆಯುತ್ತ ಕಳುಹಿಸುವವರ ಹೆಸರಿಗೆ ತಾವಾಗಿಯೇ ‘ಗುಂಡುಸೂಜಿ’ ಎಂದು ಬರೆದರು. ಆಮೇಲೆ ಪೆನ್ನು ನಿಲ್ಲಿಸಿ, “ನಿಮ್ಮ ಸರಿಯಾದ ಹೆಸರು ಎಂತ ಮಾಸ್ಟ್ರೇ?” ಎಂದರು. ಧರ್ಣಪ್ಪ ಶೆಟ್ಟಿ ಎಂದೆ. “ಹೌದಾ” ಎಂದರು, ನಾನು ಯಾರದೋ ಹೆಸರು ಕದ್ದು ಹೇಳಿದ ಹಾಗೆ.

ಯೋಚಿಸಿದರೆ ಅವರದು ತಪ್ಪಲ್ಲ. ಊರಿಗೆ ಗುಂಡುಸೂಜಿ. ಮಕ್ಕಳಿಗೆ ಪಂಡಿತರು. ಅಕ್ಕನಿಗೆ ತಮ್ಮ. ಜಲಜಾಕ್ಷಿ ಗಂಡನ ಹೆಸರನ್ನು ಬಾಯಲ್ಲಿ ಹೇಳುವವಳಲ್ಲ. ‘ಕೇಳಿತಾ’ ಎಂದರೆ ನಾನು. ಅಮ್ಮ ಹೋದ ಮೇಲೆ ‘ಧರ್ಣಾ’ ಎನ್ನುವ ಬಾಯಿ ಎಲ್ಲೂ ಇಲ್ಲ. ಇದರಲ್ಲೊಂದು ಅಂಕಣ ಉಂಟಾ ಎಂದು ದಾರಿಯುದ್ದಕ್ಕೂ ನೋಡಿದೆ. ಇಲ್ಲ.

ಉಪ್ಪು ಮರೆತೆ.

೨ ಡಿಸೆಂಬರ್, ಶನಿವಾರ

‘ಬ’ಕ್ಕೆ ಬಂದೆವು. ಬಾರ್, ಬಾರ್, ಬಾರ್. ಬಾರ್ ಎಂದರೆ ಮಗ. ಹೀಬ್ರುವಿನ ಒಡಹುಟ್ಟಾದ ಅರಮಾಯ ಮಾತಂತೆ. ಬಾರ್ತೊಲೊಮಾಯ, ತೊಲ್ಮಾಯನ ಮಗ. ಬಾರ್ತಿಮಾಯ, ತಿಮಾಯನ ಮಗ. ಅರ್ಧ ಊರಿಗೆ ಸ್ವಂತ ಹೆಸರಿಲ್ಲ, ಅಪ್ಪನ ಹೆಸರಿನಲ್ಲೇ ಸಂಸಾರ.

“ಅಳಿಯಕಟ್ಟಿನವರಿಗೆ ಇದು ನುಂಗಲು ಕಷ್ಟ ಅಯ್ಯನವರೇ. ನಮ್ಮಲ್ಲಾದರೆ ಸೋದರಮಾವನ ಹೆಸರು ಹಾಕ್ಬೇಕಿತ್ತು” ಎಂದೆ.

ಅಯ್ಯನವರು ಕನ್ನಡಕ ತೆಗೆದರು. ನಗುವಾಗ ಕನ್ನಡಕ ತೆಗೆಯುವುದು ಅವರ ಪದ್ಧತಿ. ಗಾಜಿಗೆ ನಗು ತಾಗಬಾರದೋ ಏನೋ.

ಆಮೇಲೆ ಬಾರ್ಸಬ. ಕಥೆ ಇಷ್ಟೇ. ಗುರುವಿಗೆ ದ್ರೋಹ ಮಾಡಿದ ಯೂದ ಸತ್ತ. ಹನ್ನೆರಡು ಶಿಷ್ಯರಲ್ಲಿ ಒಂದು ಜಾಗ ಖಾಲಿ. ಅದಕ್ಕೆ ಇಬ್ಬರನ್ನು ನಿಲ್ಲಿಸಿದರು. ಒಬ್ಬ ಮತ್ತೀಯ. ಇನ್ನೊಬ್ಬನ ಹೆಸರು ಯೋಸೇಫ. ಅವನನ್ನು ಕರೆಯುತ್ತಿದ್ದುದು ಬಾರ್ಸಬ ಎಂದು. ಸಾಲದ್ದಕ್ಕೆ, ಆಗಿನ ರೋಮ್ ಸರ್ಕಾರದ ಲ್ಯಾಟಿನಿನಲ್ಲಿ, ಯೂಸ್ತ ಎಂದು ಮೂರನೆಯದೊಂದು. ಚೀಟಿ ಹಾಕಿದರು. ಮತ್ತೀಯನಿಗೆ ಬಿತ್ತು. ಬಾರ್ಸಬ ಆಮೇಲೆ ಎಲ್ಲಿಯೂ ಕಾಣಿಸುವುದಿಲ್ಲ. ಮೂರು ಹೆಸರಿದ್ದೂ ಒಂದು ಕೆಲಸವಿಲ್ಲ. ನಮ್ಮಲ್ಲಿ ಮಾಸ್ಟ್ರ ಕೆಲಸಕ್ಕೆ ಇಂಟರ್ವ್ಯೂ ಆಗುವುದೂ ಹೀಗೆಯೇ.

ಅಯ್ಯನವರ ಕೈಬರಹ ಹೀಗಿತ್ತು: ‘ಬಾರ್ಸಬ: ಸಬ್ಬತ್ತಿನ ಮಗ, ಎಂದರೆ ಸಬ್ಬತ್ತಿನ ದಿನದಲ್ಲಿ ಹುಟ್ಟಿದವನು, ಅಥವಾ ಸಬನ ಮಗ, ಎಂದರೆ ಮುದುಕನ ಮಗ.’

“ಸಬ್ಬತ್ತು ಅಂದರೆ ಯಾವ ವಾರ?”

“ಶನಿವಾರ.”

ಜಗಲಿಯ ಕೆಳಗೆ ಹಾರೆಯ ಸದ್ದು ನಿಂತಿತು. ತನಿಯನಿಗೆ ನಮ್ಮ ಪುಸ್ತಕದ ಕನ್ನಡ ಅರ್ಥವಾಗುವುದಿಲ್ಲ. ಶನಿವಾರ ಅರ್ಥವಾಯಿತು. ತುಳುವಿನಲ್ಲಿ ಕೇಳಿದ: “ಶನಿವಾರ ಹುಟ್ಟಿದವ ಯಾರು ಅಯ್ಯನವರೇ?”

ಅವನು ಕೇಳುವುದು ಸಹಜ. ಗದ್ದೆ ಕೆಲಸದವರ ಮಕ್ಕಳಿಗೆ ಈ ಸೀಮೆಯಲ್ಲಿ ಹುಟ್ಟಿದ ವಾರವೇ ಹೆಸರು. ಭಾನುವಾರವಾದರೆ ಐತ, ಮಂಗಳವಾರ ಅಂಗಾರ, ಶುಕ್ರವಾರ ತುಕ್ರ, ಶನಿವಾರ ತನಿಯ. ಧನಿಗಳು ಚಾವಡಿಯಲ್ಲಿ ಕೂತಲ್ಲಿಂದಲೇ ಇವತ್ತು ಯಾವ ವಾರ ಎಂದು ನೋಡಿ ಹೇಳುವರು. ನಾಮಕರಣ ಮುಗಿಯಿತು. ತೊಟ್ಟಿಲಿಲ್ಲ, ಪಾಯಸವಿಲ್ಲ.

ಅಯ್ಯನವರು ಬಾರ್ಸಬನ ಕಥೆಯನ್ನು ತುಳುವಿನಲ್ಲಿ ಹೇಳಿದರು. ತನಿಯ ಕೈಯ ಮಣ್ಣನ್ನು ಸೊಂಟದ ಬೈರಾಸಿಗೆ ಒರೆಸಿಕೊಳ್ಳುತ್ತ ನಿಂತು ಕೇಳಿದ.

“ಹಾಗಾದರೆ ಅವ ತನಿಯ.”

“ಇರಬಹುದು. ಅಥವಾ...”

“ಅವನ ಹೆಸರು ತೆಗೆದರಾ?”

ಅಯ್ಯನವರು ಪುಸ್ತಕ ಬಿಡಿಸಿ ನೋಡಿದರು, ಗೊತ್ತಿದ್ದೂ. “ಇಲ್ಲ. ತೆಗೆಯಲಿಲ್ಲ.”

ತನಿಯ ಹಾರೆ ಎತ್ತಿಕೊಂಡು ಚಪ್ಪರದ ಕಡೆ ಹೋದ.

೯ ಡಿಸೆಂಬರ್, ಶನಿವಾರ

ಇವತ್ತು ಹೆಸರಿನ ಕೆಲಸ ಆಗಲಿಲ್ಲ. ಅಯ್ಯನವರಿಗೆ ಶೀತ. “ತನಿಯನ ಹತ್ತಿರ ನೀವಾದರೂ ಮಾತಾಡಿ. ನೀವು ತಮಾಷೆಯವರು, ಕೇಳಿಯಾನು” ಎಂದರು. ತಮಾಷೆಯವನೆಂದರೆ ಊರಿನ ಎಲ್ಲ ಬೀಗಕ್ಕೂ ಒಂದೇ ಬೀಗದ ಕೈ ಎಂದು ತಿಳಿದಿದ್ದಾರೆ.

ತನಿಯನ ಜೊತೆ ಸೇತುವೆ ದಾಟಿ ಪಾಣೆಮಂಗಳೂರಿನ ಕಡೆ ನಡೆದೆ. ಅವನು ನನಗಿಂತ ನಾಲ್ಕು ಹೆಜ್ಜೆ ಹಿಂದೆ. ನಾನು ನಿಂತರೆ ಅವನೂ ನಿಲ್ಲುತ್ತಾನೆ. ಹೀಗಾಗಿ ಮಾತೆಲ್ಲ ಹೆಗಲ ಮೇಲಿಂದ.

“ನಿನಗೆ ಅಲ್ಲಿ ಸೇರಬೇಕು ಅಂತ ಯಾಕೆ ಕಂಡದ್ದು?”

“ಒಳಗೆ ಬೆಂಚು ಉಂಟು.”

“ಎಂತ?”

“ಬೆಂಚು. ಕೂರಲಿಕ್ಕೆ. ಎಲ್ಲರೂ ಅದರಲ್ಲೇ ಕೂರುವುದು. ಕಾರ್ಖಾನೆಯ ರೈಟರು ಕುಂದರ್ರು ಸಹ.”

ಹಾಸ್ಯ ಲೇಖಕ ಸೇತುವೆಯ ಕಟ್ಟೆ ಹಿಡಿದುಕೊಂಡು ನದಿ ನೋಡಿದ. ಸರಸಕ್ಕನ ಮನೆಯಲ್ಲಿ ತನಿಯನಿಗೆ ಅಂಗಳ, ಅದೂ ತುದಿ. ನನ್ನ ಮನೆಯಲ್ಲಿ? ಬಂದಿಲ್ಲ. ಬಂದರೆ... ಗೊತ್ತಿಲ್ಲ.

ಗುಡಿಸಲಿನ ಬಾಗಿಲು ಹಾಕಿತ್ತು. ಒಳಗಿನಿಂದ ಹೆಂಗಸಿನ ದನಿ: “ಯಾರು?”

“ನಾನು. ತನಿಯ.”

ಆಮೇಲೆ ಅಗುಳಿ ತೆಗೆದ ಸದ್ದು. ತಾಯಿ ಪೂವಮ್ಮ. ಎರಡು ಕಣ್ಣೂ ಹೋಗಿವೆ. ಕಿವಿಯೂ ಅಷ್ಟಕ್ಕಷ್ಟೇ. “ಕಣ್ಣು ಹೋದ ಮೇಲೆ ಹೀಗೆ” ಎಂದ ತನಿಯ. “ಹೆಸರು ಕೇಳದೆ ತೆಗೆಯುವುದಿಲ್ಲ. ನಾಳೆ ನಾನು ಸಾಲೊಮೋನ ಬಂದಿದ್ದೇನೆ ಅಂದರೆ ಹೊರಗೇ ಮಲಗಬೇಕು.”

ಬಂದ ಕೆಲಸ ಮಾಡಬೇಕಲ್ಲ. ಮುದುಕಿಯ ಕಿವಿಯ ಹತ್ತಿರ ಬಗ್ಗಿ, ಮಗ ಸಭೆಗೆ ಸೇರುವುದು ನಿನಗೆ ಒಪ್ಪಿಗೆಯಾ ಎಂದು ಕೇಳಿದೆ.

“ಹೋಗಲಿ. ಹಾಡು ಕೇಳಲಿಕ್ಕೆ ಲಾಯ್ಕ ಉಂಟಂತೆ. ನನ್ನನ್ನೂ ಒಂದು ದಿನ ಆ ಬೆಂಚಿನಲ್ಲಿ ಕೂರಿಸಲಿ.”

“ಹೆಸರು ಬೇರೆ ಇಡಬೇಕಂತಲ್ಲ.”

“ಅದನ್ನು ಕೊಡುವುದಿಲ್ಲ. ಅದು ನನ್ನದು.”

“ಧನಿ ಇಟ್ಟ ಹೆಸರಲ್ಲವಾ ಅದು?”

“ಧನಿ ವಾರ ಹೇಳಿದ್ದು. ಕರೆದದ್ದು ನಾನು.”

ಎದ್ದೆ. ಆಗ ಮುದುಕಿ, “ನೀವು ಯಾರು?” ಎಂದಳು. ಬಾಯಿಗೆ ಅಭ್ಯಾಸವಾದದ್ದೇ ಬಂತು: ಗುಂಡುಸೂಜಿ. “ಅದೆಂಥ ಹೆಸರು! ಅಪ್ಪೆ ಕರೆದದ್ದು ಹೇಳಿ.” ಅಮ್ಮ ಕರೆಯುತ್ತಿದ್ದದ್ದು ಧರ್ಣ ಎಂದೆ. “ಧರ್ಣಣ್ಣೆರಾ... ಹೋಗಿಬನ್ನಿ ಧರ್ಣಣ್ಣೆರೇ, ಸೇತುವೆಯಲ್ಲಿ ಲಾರಿ ಬರ್ತದೆ.”

ಲಾರಿ ಬರಲಿಲ್ಲ. ಬಸ್ಸೂ ತಪ್ಪಿತು. ಸರಸಕ್ಕನ ಮನೆಯಲ್ಲೇ ಮಲಗುತ್ತಿದ್ದೇನೆ.

೧೬ ಡಿಸೆಂಬರ್, ಶನಿವಾರ

ಸಭೆಯ ಹಿರಿಯರಲ್ಲಿ ಮುಖ್ಯರು ಸಾಮುವೇಲ್ ಕುಂದರ್, ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಅಯ್ಯನವರ ಜಗಲಿಯಲ್ಲಿ ಸಿಕ್ಕಿದರು. ಬಾರ್ಸಬನ ಸುದ್ದಿ ಅವರಿಗೆ ತಲುಪಿತ್ತು. ನನ್ನ ಹತ್ತಿರ ಒಂದು ಚಟಾಕಿ ತಯಾರಿತ್ತು. ಆಡುವ ಮೊದಲೇ ಅವರು ಶುರು ಮಾಡಿದರು.

“ಪಂಡಿತರೇ, ನಿಮಗೆ ಇದು ತಮಾಷೆ. ನಮ್ಮಜ್ಜನ ಹೆಸರು ತುಕ್ರ. ದೀಕ್ಷಾಸ್ನಾನದ ದಿನ ತಿಮೊಥೆಯ ಆದರು. ಅವರು ಸತ್ತು ಎಷ್ಟೋ ಕಾಲ ಆಯ್ತು. ಪೇಟೆಯಲ್ಲಿ ಇವತ್ತಿಗೂ ನನ್ನ ಬೆನ್ನ ಹಿಂದೆ ‘ತುಕ್ರನ ಪುಳ್ಳಿ’ ಅನ್ನುವವರು ಉಂಟು. ಮೊಮ್ಮಗ ಅಂತ ಪ್ರೀತಿಯಲ್ಲಿ ಹೇಳುವುದಲ್ಲ. ಆ ಹೆಸರು ಯಾವ ಅಂಗಳದ್ದು ಅಂತ ನೆನಪು ಮಾಡುವುದು. ಅದರಿಂದ ಹೊರಗೆ ಬರ್ಲಿಕ್ಕೆ ನಮಗೆ ಎರಡು ತಲೆ ಬೇಕಾಯ್ತು. ಈಗ ಇವ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಪುನಃ ಒಳಗೆ ತರ್ತೇನೆ ಅಂತಾನೆ.”

ಅಯ್ಯನವರು ಕುಂಟುವ ಮೇಜಿನ ಕಾಲಿನಡಿ ಕಾಗದ ಮಡಚಿ ಇಟ್ಟರು. ಕುಂದರ್ ಮುಂದುವರಿಸಿದರು.

“ಮತ್ತೆ, ತನಿಯ ಅಂದರೆ ಕೊರಗಜ್ಜನ ಹೆಸರು. ಊರವರು ಕೈ ಮುಗಿಯುವ ದೈವದ ಹೆಸರಿಗೆ ನಾವು ನೀರು ಹಾಕ್ಲಿಕ್ಕೆ ಆಗ್ತದಾ?”

“ದೈವಕ್ಕೂ ಆ ಹೆಸರು ವಾರದಿಂದಲೇ ಬಂದದ್ದು ಇರಬಹುದು” ಎಂದರು ಅಯ್ಯನವರು.

“ಇರಬಹುದು, ಇರಬಹುದು. ವೇದದಲ್ಲಿ ಅಂಥ ಹೆಸರಿನವ ಇದ್ದ ಅಂತ ಖಚಿತ ಮಾಡಿ ಕೊಡಿ, ನಾನು ಬಾಯಿ ಮುಚ್ಚುತ್ತೇನೆ. ಇರಬಹುದು ಅಂದರೆ ಆಗ್ಲಿಕ್ಕಿಲ್ಲ.”

ಚಟಾಕಿಯನ್ನು ಹಾಗೆಯೇ ನುಂಗಿ ಬಸ್ಸು ಹತ್ತಿದೆ. ಕುಂದರ್ ಮೇಲೆ ಸಿಟ್ಟು ಮಾಡಬೇಕೆಂದು ಸಿದ್ದಕಟ್ಟೆಯವರೆಗೆ ಪ್ರಯತ್ನಿಸಿದೆ. ಬರಲಿಲ್ಲ.

೨೦ ಡಿಸೆಂಬರ್, ಬುಧವಾರ

ಎಲ್ಲರ ಬಾಯಲ್ಲೂ ಗೋವಾ, ನಿನ್ನೆ ನಮ್ಮ ಸೈನ್ಯ ಗೆದ್ದದ್ದು. ರಮಾನಾಥ ಪೈಗಳು ಅಂಚೆಚೀಟಿಗೆ ಮುದ್ರೆ ಒತ್ತುವುದರಲ್ಲೂ ಫಿರಂಗಿಯ ಜೋರು. ನಾನು ಬರೆದದ್ದು ತಿಗಣೆಯ ಬಗ್ಗೆ. ಬೆನ್ನು ನೋವು. ಮೂಗು ಕಟ್ಟಿದೆ. ಅಯ್ಯನವರ ಶೀತ ನನಗೆ ಬಂದಿದೆ, ಹೀಬ್ರು ಬರಲಿಲ್ಲ.

೨೩ ಡಿಸೆಂಬರ್, ಶನಿವಾರ

ಬಂಟ್ವಾಳಕ್ಕೆ ಹೋಗಲಿಲ್ಲ. ಪುಸ್ತಕದ ಮೊದಲ ಭಾಗದ ಪ್ರೂಫು ಪ್ರೆಸ್ಸಿನಿಂದ ನೇರ ಇಲ್ಲಿಗೆ ಬಂತು. ಕ್ರಿಸ್‌ಮಸ್ ಗಡಿಬಿಡಿಯಲ್ಲಿ ಅಯ್ಯನವರಿಗೆ ಪುರುಸೊತ್ತಿಲ್ಲ, ನಾನೇ ನೋಡಿ ಕಳುಹಿಸಬೇಕಂತೆ.

ತಿದ್ದುವುದರಲ್ಲಿ ನನ್ನ ಕೈ ಪಳಗಿದ ಕೈ. ಎಲ್ಲೆಲ್ಲಿ ಎರಡು ಮಾತಿದೆಯೋ ಅಲ್ಲಿ ಒಂದು. ‘ಎಂಬುದಾಗಿ’ ಇದ್ದಲ್ಲಿ ‘ಎಂದು’. ಬಾರ್ಸಬನ ಹತ್ತಿರ ಬಂದೆ. ಕೆಂಪು ಶಾಯಿ ಇಳಿಯುತ್ತಿತ್ತು. ‘ಅಥವಾ’ದಿಂದ ಸಾಲಿನ ಕೊನೆಯವರೆಗೆ ಒಂದು ಗೀಟು. ‘ಸಬ್ಬತ್ತಿನ ದಿನದಲ್ಲಿ’ ಇದ್ದಲ್ಲಿ ‘ಶನಿವಾರ’.

‘ಬಾರ್ಸಬ: ಸಬ್ಬತ್ತಿನ ಮಗ, ಎಂದರೆ ಶನಿವಾರ ಹುಟ್ಟಿದವನು.’

ಸಾಲು ಚೊಕ್ಕವಾಯಿತು. ಕನ್ನಡಕ್ಕೆ ಏನೂ ನಷ್ಟವಾಗಲಿಲ್ಲ. ಅಚ್ಚಾದದ್ದನ್ನು ಕುಂದರ್ ನೋಡಿದರೆ ಸಾಕು, ಬಾಯಿ ಮುಚ್ಚುತ್ತೇನೆ ಎಂದಿದ್ದಾರೆ. ಅಯ್ಯನವರಿಗೆ ವಯಸ್ಸಾಯಿತು, ಸಣ್ಣ ಅಕ್ಷರ ಓದುವುದು ಕಷ್ಟ.

ಜಲಜಾಕ್ಷಿ ಕಾಫಿ ಇಟ್ಟು, “ಎಂತ, ಮುಖ ಹೀಗುಂಟು?” ಎಂದಳು. ತಿಗಣೆ ಎಂದೆ.

೬ ಜನವರಿ ೧೯೬೨, ಶನಿವಾರ

ಬಂಟ್ವಾಳಕ್ಕೆ ಹೋಗದೆ ಇದು ಎಷ್ಟನೆಯ ಶನಿವಾರವೋ. ಮೊಣಕಾಲು ನೋವೆಂದು ಹೇಳಿ ಕಳುಹಿಸಿದ್ದೇನೆ. ಮೊಣಕಾಲಿನ ಮೇಲೆ ಅಂಕಣವನ್ನೂ ಬರೆದೆ, ಸಾಕ್ಷಿಗಿರಲಿ ಎಂದು. ಓದುಗರಿಗೆ ಬಹಳ ಮೆಚ್ಚಿಗೆಯಾಯಿತಂತೆ. ಬೆಳುವಾಯಿಯಿಂದ ಒಬ್ಬರು ಎಣ್ಣೆ ಕಳುಹಿಸಿದ್ದಾರೆ.

ಎಣ್ಣೆ ಹಚ್ಚಿದೆ. ನೋಯದ ಮೊಣಕಾಲಿಗೆ.

೧೩ ಜನವರಿ, ಶನಿವಾರ

ಅಯ್ಯನವರೇ ಬಂದರು. ಅದೇ ಸಿದ್ದಕಟ್ಟೆಯ ಬಸ್ಸಿನಲ್ಲಿ, ಕಂಕುಳಲ್ಲಿ ಕೊಡೆ, ಕೊಡೆಯೊಳಗೆ ಪ್ರೂಫು. ಜಲಜಾಕ್ಷಿ ಕೊಟ್ಟ ಬೆಲ್ಲ ನೀರು ಕುಡಿದು ಮುಗಿಸುವವರೆಗೆ ಮೊಣಕಾಲಿನ ವಿಚಾರಣೆ. ಆಮೇಲೆ ಕಾಗದ ಬಿಡಿಸಿದರು.

“ಶೆಟ್ರೇ, ಇಲ್ಲಿ ಒಂದು ‘ಅಥವಾ’ ಇತ್ತು.”

“ಇತ್ತು.”

“ಎಲ್ಲಿ ಹೋಯ್ತು?”

“ಕನ್ನಡಕ್ಕೆ ಅದು ಬೇಡ ಅಂತ ಕಂಡಿತು.”

“ಹೀಬ್ರುವಿಗೆ ಬೇಕು.”

ಅಯ್ಯನವರು ಗದರಿಸಲಿಲ್ಲ. ಗದರಿಸಿದ್ದರೆ ಒಳ್ಳೆಯದಿತ್ತು.

“ಅವನು ತನಿಯನಾಗಿಯೇ ಉಳಿಯಬೇಕು ಅಂತ ನನಗೂ ಉಂಟು. ನೀವು ಮಾಡಿದ್ದು ನೋಡಿ ಒಂದು ದಿನ ನಾನೂ ಸುಮ್ಮನೆ ಕೂತೆ, ಹೇಳ್ತೇನೆ. ಆದರೆ ಶೆಟ್ರೇ, ಇಷ್ಟು ವರ್ಷ ಹೀಬ್ರು ಓದಿ ನನಗೆ ಸಿಕ್ಕಿದ್ದು ಹೆಚ್ಚೇನೂ ಇಲ್ಲ. ಇಂಥ ನಾಲ್ಕು ‘ಅಥವಾ’. ಗೊತ್ತಿಲ್ಲದ್ದನ್ನು ಗೊತ್ತುಂಟು ಅಂತ ಹೇಳಿ ಅವನ ತಲೆಗೆ ನೀರು ಹಾಕ್ಲಿಕ್ಕೆ ಕೈ ಏಳುವುದಿಲ್ಲ.”

“ಹಾಗಾದರೆ ಕುಂದರ್ ಬಿಡುವುದಿಲ್ಲ.”

“ಬಿಡುವುದಿಲ್ಲ.”

“ತನಿಯ?”

“ಅವನೂ ಬಿಡುವುದಿಲ್ಲ. ಈಗ ಹೊರಗೆ ಕಿಟಕಿಯ ಹತ್ತಿರ ನಿಂತು ಹಾಡು ಕೇಳ್ತಾನೆ. ಮೊದಲಿನ ಹಾಗೆ.”

ಶಾಯಿ ದೌತಿ ಅವರ ಮುಂದೆ ಸರಿಸಿದೆ. ಅಳಿಸಿದ್ದನ್ನು ತಾವೇ ಮತ್ತೆ ಬರೆದರು, ಒಂದೊಂದೇ ಅಕ್ಷರ. ಬಸ್ ಸ್ಟ್ಯಾಂಡಿನವರೆಗೆ ಬಿಟ್ಟುಬಂದೆ. ಚೆನ್ನಾಗಿಯೇ ನಡೆಯುತ್ತೀರಲ್ಲ ಎಂದರು.

೨೦ ಜನವರಿ, ಶನಿವಾರ

ಹಿರಿಯರ ಕೂಟ ನಿನ್ನೆ ಆಯಿತು. ಅಯ್ಯನವರು ಹೇಳಿದ್ದನ್ನು ಬರೆಯುತ್ತೇನೆ.

ಎರಡೂ ಅರ್ಥಗಳನ್ನು ಓದಿ ಹೇಳಿದರಂತೆ. ಕುಂದರ್, “ಹಾಗಾದರೆ ಖಚಿತ ಇಲ್ಲ” ಎಂದರು. ಇಲ್ಲ. “ಹಾಗಾದರೆ ಆಗ್ಲಿಕ್ಕಿಲ್ಲ.” ಆಗ ಅಯ್ಯನವರು ಕೇಳಿದರಂತೆ: ಅರ್ಥ ಖಚಿತವಿಲ್ಲ, ಸರಿ. ಆದರೆ ಆ ಮನುಷ್ಯನಿಗೆ ಮೂರು ಹೆಸರಿತ್ತು. ತಾಯಿತಂದೆಯರದ್ದು, ಊರವರದ್ದು, ಸರ್ಕಾರದ ಭಾಷೆಯದ್ದು. ಅಪೊಸ್ತಲರಾದ ಆ ಶಿಷ್ಯರು ಅದರಲ್ಲಿ ಯಾವುದನ್ನಾದರೂ ಬಿಡು ಎಂದರಾ? ಮೂರನ್ನೂ ಬರೆದಿಟ್ಟಿದ್ದಾರೆ. ಇದರಲ್ಲಿ ಅಥವಾ ಇಲ್ಲ.

ಕೊನೆಗೆ ರಾಜಿ. ಸಭೆಯ ಪುಸ್ತಕದಲ್ಲಿ ‘ಯೋಸೇಫ, ತನಿಯ ಎನಿಸಿಕೊಂಡವನು’ ಎಂದು ಬರೆಯಬಹುದು. ನೀರು ಹಾಕುವಾಗ ಬಾಯಲ್ಲಿ ಹೇಳುವುದು ಯೋಸೇಫ ಮಾತ್ರ. ಎಲ್ಲರೆದುರು ಆ ಹೆಸರನ್ನು ಕೂಗಿ ಹೇಳಬಾರದು.

ದೀಕ್ಷಾಸ್ನಾನ ಫೆಬ್ರವರಿ ನಾಲ್ಕು, ಭಾನುವಾರ. “ಅಷ್ಟಗ್ರಹದ ದಿನವೇ?” ಎಂದೆ. ಎಂಟು ಗ್ರಹ ಒಂದೇ ಮನೆಯಲ್ಲಿ ಸೇರಿ ಲೋಕ ಮುಗಿಯುತ್ತದೆಂದು ದೇಶವೆಲ್ಲ ನಡುಗುತ್ತಿರುವ ದಿನ ಅದು. “ಆ ದಿನವಾದರೆ ಪೇಟೆಯವರು ಯಾರೂ ಮನೆ ಬಿಟ್ಟು ನೋಡ್ಲಿಕ್ಕೆ ಬರುವುದಿಲ್ಲ. ಅದೂ ಕುಂದರ್ದೇ ಸಲಹೆ” ಎಂದರು ಅಯ್ಯನವರು. ಬಳಲಿದ್ದರು. ಅರ್ಧ ಗೆದ್ದವರಿಗೆ ಸೋತವರಿಗಿಂತ ಆಯಾಸ ಹೆಚ್ಚು.

೨೭ ಜನವರಿ, ಶನಿವಾರ

ರಾಜಿಯ ವಿಷಯ ತನಿಯನಿಗೆ ಹೇಳುವ ಕೆಲಸವೂ ನನ್ನ ಪಾಲಿಗೆ. ಭಟ್ಟಿಯ ಹತ್ತಿರ ಹೋದೆ. ಬೆಂಕಿಯ ಬಾಯಿ ಮುಚ್ಚಿ ಬಂದು ನಿಂತ. ಪೂರ್ತಿ ಕೇಳಿದ.

“ಪುಸ್ತಕದಲ್ಲಿ ಇರ್ತದಾ?”

“ಇರ್ತದೆ.”

“ಬಾಯಲ್ಲಿ?”

“ಬಾಯಲ್ಲಿ ಇಲ್ಲ.”

“ಕಣ್ಣಿಲ್ಲದವಳಿಗೆ ಪುಸ್ತಕದಲ್ಲಿ ಇದ್ದು ಎಂತ ಮಾಡುವುದು ಅಣ್ಣೆರೇ.”

ಅವನೇ ಮಾತು ಬದಲಿಸಿದ.

“ಆ ಶನಿವಾರದವ... ಚೀಟಿ ಬೀಳದೆ ಆಮೇಲೆ ಎಂತ ಆದ?”

“ಎಂತ ಆದನೋ. ಬರೆದಿಲ್ಲ.”

“ಕೆಲಸ ಸಿಗಲಿಲ್ಲ. ಹೆಸರು ಹೋಗಲಿಲ್ಲ.” ಕೈಯ ಬೂದಿ ನೋಡಿಕೊಂಡ. “ನನಗೆ ಚೀಟಿ ಬಿದ್ದಿದೆ. ಹೆಸರು ಹೋಗ್ತದೆ.”

ಬೆಂಕಿಯ ಬಾಯಿ ತೆರೆಯುತ್ತ, “ಬರ್ತೇನೆ ಅಂತ ಹೇಳಿ. ಅಪ್ಪೆಯನ್ನೂ ಕರ್ಕೊಂಡು ಬರ್ತೇನೆ. ಬೆಂಚಿನಲ್ಲಿ ಕೂರ್ಬೇಕಂತೆ” ಎಂದ. ಯೋಸೇಫ ಎಂದು ಹೇಳಲು ಅಯ್ಯನವರು ಅವನಿಗೆ ಕಲಿಸಿಕೊಡುತ್ತಿದ್ದಾರೆ. ಚೆನ್ನಾಗಿ ಹೇಳುತ್ತಾನಂತೆ.

೩೧ ಜನವರಿ, ಬುಧವಾರ

ಸಂಪಾದಕರಿಂದ ಕಾರ್ಡು: ಪ್ರಳಯದ ಮೇಲೆ ಏನಾದರೂ ಖುಷಿಯಾಗಿ ಬರೆಯಿರಿ. ಬರೆದೆ. ಲೋಕ ಮುಗಿದರೆ ಆಗುವ ಲಾಭಗಳಲ್ಲಿ ಮೊದಲನೆಯದು ಬುಧವಾರದ ಅಂಕಣ ಬರೆಯಬೇಕಾಗಿಲ್ಲ ಎಂಬುದು. ಇದೊಂದು ಸಾಲು ಮಾತ್ರ ಮನಸ್ಸಿನಿಂದ ಬಂದದ್ದು.

ಜಲಜಾಕ್ಷಿ ಬೆಳ್ತಂಗಡಿಗೆ ಹೊರಟಳು, ತನ್ನ ತಮ್ಮ ಶಂಭುವಿನ ಮನೆಯಲ್ಲಿ ಗ್ರಹಶಾಂತಿ. “ಕೇಳಿತಾ, ನೀವೂ ಬನ್ನಿ. ಶನಿ ಎಲ್ಲದಕ್ಕಿಂತ ಬಲವಾಗಿದ್ದಾನಂತೆ.” ನನಗೆ ಬೇರೆ ಶನಿವಾರದವನ ಕೆಲಸ ಉಂಟು ಎಂದೆ. ತಮಾಷೆಯೆಂದು ತಿಳಿದು ಹೋದಳು.

೩ ಫೆಬ್ರವರಿ, ಶನಿವಾರ

ಶಾಲೆಗೆ ಮಕ್ಕಳು ಬರಲಿಲ್ಲ. ಹೆಡ್‌ಮಾಸ್ಟ್ರೂ ಬರಲಿಲ್ಲ. ಲೋಕ ಸಂಜೆಯವರೆಗೆ ಉಂಟು. ತಣ್ಣನೆ ಗಂಜಿ, ಉಪ್ಪಿನಕಾಯಿ.

೪ ಫೆಬ್ರವರಿ, ಭಾನುವಾರ, ಸಂಜೆ. ಸರಸಕ್ಕನ ಮನೆ

ಬಸ್ಸಿನಲ್ಲಿ ನಾನೊಬ್ಬನೇ. ಕಂಡಕ್ಟರ್ ಟಿಕೆಟ್ ಹರಿಯುತ್ತ, “ಹಿಂದೆ ಬರ್ಲಿಕ್ಕೆ ಲೋಕ ಇರ್ತದಾ ಮಾಸ್ಟ್ರೇ?” ಎಂದ. ಅವನೂ ನಗಲಿಲ್ಲ, ನಾನೂ ನಗಲಿಲ್ಲ. ಬಸ್ಸು ಸಿದ್ದಕಟ್ಟೆಯಲ್ಲಿ ನಿಲ್ಲದೆ ಬಂತು. ಹೆದರಿಕೆಯಾದದ್ದು ಆಗ.

ಬಂಟ್ವಾಳ ಪೇಟೆ ಪೂರಾ ಹಲಗೆ ಹಾಕಿದೆ. ದೇವಸ್ಥಾನಗಳ ಕಡೆಯಿಂದ ಹೋಮದ ಹೊಗೆ. ಸಭೆಯಲ್ಲಿ ಹತ್ತಿಪ್ಪತ್ತು ಜನ. ನಾನು ಹಿಂದಿನ ಬೆಂಚಿನಲ್ಲಿ. ತನಿಯ ತಾಯಿಯನ್ನು ಕೈಹಿಡಿದು ತಂದು ನನ್ನ ಪಕ್ಕದಲ್ಲೇ ಕೂರಿಸಿದ. ಬಿಳಿ ಪಂಚೆ, ಬಿಳಿ ಅಂಗಿ. ಅಂಗಿ ಕುಂದರ್ ಕೊಟ್ಟದ್ದಂತೆ, ಇಸ್ತ್ರಿ ನೋಡಿದರೆ ಗೊತ್ತಾಗುತ್ತದೆ. ಪೂವಮ್ಮ ಎರಡು ಅಂಗೈಯಿಂದ ಬೆಂಚನ್ನು ತಡವಿದಳು. ಈ ತುದಿಯಿಂದ ನನ್ನ ತೊಡೆ ತಾಗುವವರೆಗೆ. ನಾನು ಸರಿಯಲಿಲ್ಲ. “ಯಾರು?” ಧರ್ಣ ಎಂದೆ. “ಹೌದಾ” ಎಂದು ಸಮಾಧಾನದಿಂದ ಕೂತಳು.

ಹಾಡಾಯಿತು. ಅಯ್ಯನವರು ಹಿತ್ತಾಳೆಯ ಬಟ್ಟಲಿನ ಹತ್ತಿರ ನಿಂತು ತನಿಯನನ್ನು ಮುಂದೆ ಕರೆದರು. ಆರಾಧನೆಯೆಲ್ಲ ಕನ್ನಡದಲ್ಲಿ. ಈ ಒಂದು ಪ್ರಶ್ನೆ ಮಾತ್ರ ಅವನಿಗೆ ತಿಳಿಯಲೆಂದು ತುಳುವಿನಲ್ಲಿ ಗಟ್ಟಿಯಾಗಿ ಕೇಳಿದರು:

“ನಿನ್ನ ಪುದರ್ ದಾದ?”

ಹೆಸರೇನು. ತನಿಯ ಬಾಯಿ ತೆರೆದ. ಯೋಸೇಫ ನಾಲಗೆಯ ಮೇಲಿತ್ತು, ಹಿಂದಿನಿಂದಲೂ ಕಾಣುತ್ತಿತ್ತು. ಅಷ್ಟರಲ್ಲಿ ನನ್ನ ಪಕ್ಕದಿಂದ, ಬಾಗಿಲಾಚೆಗೆ ಕೇಳಬೇಕೆನ್ನುವ ದನಿಯಲ್ಲಿ:

“ತನಿಯ. ನನ್ನ ಮಗ ತನಿಯ.”

ಎಲ್ಲರೂ ಕುಂದರ್ ಕಡೆ ನೋಡಿದರು, ಅಯ್ಯನವರೊಬ್ಬರನ್ನು ಬಿಟ್ಟು. ಕುಂದರ್ ಹಿಂದೆ ತಿರುಗಿ ಬೆಂಚಿನಲ್ಲಿ ಕೂತ ಮುದುಕಿಯನ್ನು ನೋಡಿದರು. ಆಮೇಲೆ ಹಾಡಿನ ಪುಸ್ತಕ ಬಿಡಿಸಿ ಅದರಲ್ಲಿ ಮುಖ ಇಟ್ಟರು.

ಅಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬಟ್ಟಲಿಗೆ ಕೈ ಅದ್ದಿದರು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ತನಿಯನೇ,” ಎಂದರು, “ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನಿನಗೆ ದೀಕ್ಷಾಸ್ನಾನ ಮಾಡಿಸುತ್ತೇನೆ.”